ಬಾಸ್ ಮೇಲಿನ ಸಿಟ್ಟು ಪ್ರೀತಿಯಾಗುವ ಕಥೆ: ಓದುಗರು ನಂಬಬೇಕಾದರೆ ಏನು ಮಾಡಬೇಕು?

ಪ್ರಶ್ನೆ: ಮೊದಲ ಸಲ ಕಾದಂಬರಿ ಬರೆಯುತ್ತಿದ್ದೇನೆ, ಕರಡನ್ನು ಜೊತೆಗೆ ಕಳಿಸಿದ್ದೇನೆ. ಚೈತ್ರಾ ಒಂದು ಕಂಪನಿಯಲ್ಲಿ ಅಸಿಸ್ಟೆಂಟ್, ಸುಧೀಂದ್ರ ಅವಳ ಬಾಸ್. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗದು. ಮೊದಲ ಅಧ್ಯಾಯದಲ್ಲೇ ಅವನು ಎಲ್ಲರ ಮುಂದೆ ಅವಳತ್ತ ಫೈಲ್ ಎಸೆಯುತ್ತಾನೆ. ಎಂಟನೇ ಅಧ್ಯಾಯದಲ್ಲಿ ಇಬ್ಬರೂ ಲಿಫ್ಟ್‌ನಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ, ಅಲ್ಲಿಂದ ಪ್ರೀತಿ ಶುರು. ಮುಂದೆ ಅವಳು ಬೇರೆ ವಿಭಾಗಕ್ಕೆ ಟ್ರಾನ್ಸ್‌ಫರ್ ಕೇಳಿದಾಗ ಬಿಟ್ಟುಕೊಡಲಾರದೆ ತಡೆಯುತ್ತಾನೆ. ಓದಿದ ಗೆಳತಿ, 'ಇವನೆಂಥ ಹೀರೋ? ನಾನಾಗಿದ್ರೆ ಎರಡನೇ ದಿನವೇ ರಾಜೀನಾಮೆ ಕೊಡ್ತಿದ್ದೆ. ಪ್ರೀತಿ ಯಾವಾಗ ಹುಟ್ಟಿತು ಅಂತಾನೂ ಗೊತ್ತಾಗಲಿಲ್ಲ' ಅಂದಳು. ಜಗಳದ ಖಾರ ಕಡಿಮೆ ಆಗಬಾರದು, ಪ್ರೀತಿ ನಂಬುವ ಹಾಗಿರಬೇಕು. ಏನು ಮಾಡಲಿ? ಕಥೆಯನ್ನು ಯಾರ ಕಡೆಯಿಂದ ಹೇಳಲಿ?

ಉತ್ತರ: ನಿಮ್ಮ ಗೆಳತಿ ಒಳ್ಳೆಯ ಓದುಗರು. ಅವರು ಹೇಳಿದ ಎರಡು ಮಾತೂ ಒಂದೇ ಕೊರತೆಯನ್ನು ತೋರಿಸುತ್ತವೆ. ಸುಧೀಂದ್ರ ಸಿಟ್ಟು ಮಾಡುತ್ತಾನೆ, ಆದರೆ ಯಾಕೆ ಅಂತ ಗೊತ್ತಾಗುವುದಿಲ್ಲ. ಕಾರಣವಿಲ್ಲದೆ ಬಂದ ಸಿಟ್ಟು ಹೋಗುವುದಕ್ಕೂ ಕಾರಣ ಸಿಗುವುದಿಲ್ಲ. ಅದಕ್ಕೇ ನಿಮಗೆ ಲಿಫ್ಟ್ ಬೇಕಾಯಿತು.

ಇಂಥ ಕಥೆಯಲ್ಲಿ ದ್ವೇಷ ಸೀದಾ ಪ್ರೀತಿಯಾಗುವುದಿಲ್ಲ. ನಡುವೆ ಗೌರವ ಬರಬೇಕು. ಅದೂ ಕೆಲಸದ ಮೂಲಕವೇ ಬರಬೇಕು, ಯಾಕಂದ್ರೆ ಇವರಿಬ್ಬರನ್ನು ದಿನವಿಡೀ ಎದುರುಬದುರು ಕೂರಿಸಿರುವುದು ಕೆಲಸ. ಜೊತೆಗೆ, ಅವನು ಪ್ರೀತಿ ಅಂತ ಬಾಯಿಬಿಡುವ ಹೊತ್ತಿಗೆ ಅವಳ ಬಾಸ್ ಆಗಿ ಉಳಿದಿರಬಾರದು. ಇವೆರಡು ಗಟ್ಟಿ ಇದ್ದರೆ ಜಗಳವನ್ನು ಎಷ್ಟು ಖಾರ ಬೇಕಾದರೂ ಮಾಡಿ.

ಮೊದಲು ಜಗಳದ ವಿಷಯ. ಇವರು ಹೇಗೆ ಕಿತ್ತಾಡುತ್ತಾರೆ ಅನ್ನುವುದನ್ನು ನೀವು ಚೆನ್ನಾಗಿ ಯೋಚಿಸಿದ್ದೀರಿ. ಯಾವುದಕ್ಕೆ ಕಿತ್ತಾಡುತ್ತಾರೆ ಅನ್ನುವುದನ್ನು ಯೋಚಿಸಿಲ್ಲ. ಇಬ್ಬರ ಮಾತಿನಲ್ಲೂ ನ್ಯಾಯವಿರುವ ಒಂದು ವಿಷಯ ಹುಡುಕಿ. ಒಂದು ಉದಾಹರಣೆ ಕೊಡುತ್ತೇನೆ. ಸುಧೀಂದ್ರನಿಗೆ ಎಲ್ಲವೂ ಬರಹದಲ್ಲಿರಬೇಕು. ಹಿಂದೊಮ್ಮೆ ಬಾಯಿಮಾತನ್ನು ನಂಬಿ ಅವನ ಟೀಮ್ ಮುಳುಗಿದೆ, ಇಬ್ಬರ ಕೆಲಸ ಹೋಗಿದೆ. ಚೈತ್ರಾ ಬೇರೆ ಥರ. ಮೇಲ್ ಹಾಕಿದರೆ ಮೂರು ದಿನ ಹಿಡಿಯುವ ಕೆಲಸವನ್ನು ಫೋನ್ ಎತ್ತಿ ಎರಡು ನಿಮಿಷದಲ್ಲಿ ಮುಗಿಸುತ್ತಾಳೆ. ಎಲ್ಲ ವಿಭಾಗದಲ್ಲೂ ಅವಳಿಗೆ ಪರಿಚಯ, ಅವಳ ಮಾತಿಗೆ ಬೆಲೆ. ಈಗ ನೋಡಿ. ಅವನು 'ಮೇಲ್ ಎಲ್ಲಿ?' ಅಂತ ಕೇಳುತ್ತಾನೆ. ಅವಳ ಕಿವಿಗೆ ಅದು 'ನಿಮ್ಮ ಮೇಲೆ ನಂಬಿಕೆ ಇಲ್ಲ' ಅಂತಲೇ ಬೀಳುತ್ತದೆ. ಅವಳು ಅವನನ್ನು ಕೇಳದೆ ಯಾರಿಗೋ 'ಸೋಮವಾರ ಕೊಡ್ತಾರೆ' ಅಂತ ಹೇಳಿಬಿಡುತ್ತಾಳೆ. ಅವನಿಗೆ ಅದು ಗೊತ್ತಾಗುವುದು ಹತ್ತು ಜನರಿರುವ ಮೀಟಿಂಗ್‌ನಲ್ಲಿ. ಇಬ್ಬರಿಗೂ ಮೈ ಉರಿಯುತ್ತದೆ. ಓದುತ್ತಿರುವ ನಮಗೆ ಯಾರ ಪರ ನಿಲ್ಲಬೇಕು ಅಂತ ತಿಳಿಯುವುದಿಲ್ಲ. ನಿಮಗೆ ಬೇಕಾದ ಜಗಳ ಇದು.

ಇದರಲ್ಲಿ ಇನ್ನೊಂದು ಲಾಭವಿದೆ. ಇವತ್ತು ಯಾವ ಗುಣ ಕಂಡು ಉರಿದುಬೀಳುತ್ತಾರೋ, ನಾಳೆ ಅದೇ ಗುಣ ಕೈ ಹಿಡಿಯಬಹುದು. ಅವನ ಬರೆದಿಡುವ ಚಟ ಒಂದು ದಿನ ಅವಳ ಮೇಲೆ ಬಂದ ಸುಳ್ಳು ಆರೋಪವನ್ನು ತೊಳೆದುಹಾಕುತ್ತದೆ. ಅವಳ ಫೋನ್ ಪರಿಚಯ ಒಂದು ರಾತ್ರಿ ಅವನ ಇಡೀ ಪ್ರಾಜೆಕ್ಟನ್ನು ಉಳಿಸುತ್ತದೆ. ಆಗ ಯಾರೂ ಸ್ವಭಾವ ಬದಲಿಸಬೇಕಿಲ್ಲ. 'ಪ್ರೀತಿಯಿಂದ ಒರಟ ಮೃದುವಾದ' ಅನ್ನುವ ತಿರುವು ನನಗೆ ಯಾವತ್ತೂ ಹಿಡಿಸಿಲ್ಲ. ಅವನು ಹಾಗೇ ಇರಲಿ. ಅವಳಿಗೆ ಅವನು ಅರ್ಥವಾಗುತ್ತಾ ಹೋಗಲಿ.

ಇನ್ನು ಆ ಫೈಲ್. ಅದನ್ನು ತೆಗೆದುಬಿಡಿ.

ಗಂಡ-ಹೆಂಡತಿ ಜಗಳವಾಡುವ ರೀತಿಯನ್ನೇ ದಶಕಗಳ ಕಾಲ ಕೂತು ನೋಡಿದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್, ಸಂಬಂಧವನ್ನು ಕೆಡಿಸುವ ನಾಲ್ಕು ನಡವಳಿಕೆಗಳನ್ನು ಗುರುತಿಸಿದ್ದಾರೆ. ವ್ಯಕ್ತಿಯನ್ನೇ ದೂರುವುದು, ತಿರಸ್ಕಾರ, ಏನು ಹೇಳಿದರೂ ತನ್ನದೇ ಸರಿ ಅಂತ ಸಮರ್ಥಿಸಿಕೊಳ್ಳುವುದು, ಮಾತು ಬಿಟ್ಟು ಗೋಡೆಯ ಹಾಗೆ ಕೂರುವುದು. ಇವುಗಳಲ್ಲಿ ಅತಿ ಕೆಟ್ಟದ್ದು ತಿರಸ್ಕಾರ ಅನ್ನುತ್ತಾರೆ ಅವರು. ಸಿಟ್ಟು ಆ ಪಟ್ಟಿಯಲ್ಲೇ ಇಲ್ಲ, ಗಮನಿಸಿ. ಸಿಟ್ಟು ಮಾಡುವವನು ಎದುರಿನವರನ್ನು ಸಮಾನ ಅಂತ ಒಪ್ಪಿಕೊಂಡೇ ಸಿಟ್ಟು ಮಾಡಬಹುದು. ತಿರಸ್ಕಾರ ಮಾಡುವವನು ತಾನು ಮೇಲೆ ನಿಂತಿರುತ್ತಾನೆ. ಫೈಲ್ ಎಸೆಯುವುದು ಶುದ್ಧ ತಿರಸ್ಕಾರ.

ಹಾಗಾಗಿ ಸುಧೀಂದ್ರ ಕಟ್ಟುನಿಟ್ಟಾಗಿರಲಿ, ಮುಖ ಗಂಟಿಕ್ಕಿಕೊಂಡಿರಲಿ. ರಾತ್ರಿ ಎಂಟಕ್ಕೆ 'ಇದು ಸರಿಯಿಲ್ಲ, ಮತ್ತೆ ಮಾಡಿ' ಅಂತ ಒಂದೇ ಸಾಲಿನ ಮೇಲ್ ಕಳಿಸಲಿ. ಕೆಲವು ಸಲ ಅನ್ಯಾಯವನ್ನೂ ಮಾಡಲಿ. ಆದರೆ ಅವಳ ಬಟ್ಟೆ, ಮಾತಿನ ಧಾಟಿ, ಓದು, ಮನೆ, ಸಂಬಳ, ಇವುಗಳ ತಂಟೆಗೆ ಹೋಗಬಾರದು. ಅವಳನ್ನು ನೋಯಿಸಿ ಖುಷಿಪಡಬಾರದು. ಒಂದೇ ಒಂದು ಸಲ ಅದು ಪುಟದ ಮೇಲೆ ಬಂದರೂ ನಿಮ್ಮ ಗೆಳತಿ ಅವನನ್ನು ಕ್ಷಮಿಸುವುದಿಲ್ಲ. ನಾನೂ ಕ್ಷಮಿಸುವುದಿಲ್ಲ.

ಚೈತ್ರಾ ಹೇಗೆ ತಿರುಗಿಬೀಳಬೇಕು? ನಿಮ್ಮ ಕರಡಿನಲ್ಲಿ ಅವಳು ಬಾಸ್‌ಗೆ ಮುಖದ ಮೇಲೆ ಹೊಡೆದಂತೆ ಉತ್ತರ ಕೊಡುತ್ತಾಳೆ. ಓದಲು ಮಜಾ ಇದೆ, ಆದರೆ ಕೆಲಸ ಬೇಕಾದವಳು ಹಾಗೆ ಮಾತಾಡುವುದಿಲ್ಲ. ಅಸಿಸ್ಟೆಂಟ್ ಕೈಯಲ್ಲಿ ಬೇರೆ ಅಸ್ತ್ರಗಳಿವೆ, ಅವನ್ನು ಬಳಸಿ. ಅವನ ಕ್ಯಾಲೆಂಡರ್ ಅವಳ ಕೈಯಲ್ಲಿದೆ. ಅವನು ಯಾರಿಂದ ತಪ್ಪಿಸಿಕೊಂಡು ತಿರುಗುತ್ತಾನೋ ಅವರ ಜೊತೆಗಿನ ಮೀಟಿಂಗನ್ನು ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಇಡಬಹುದು. 'ಎಲ್ಲ ಮೇಲ್‌ಗೂ ನನ್ನನ್ನು ಸಿಸಿ ಹಾಕಿ' ಅಂದಿದ್ದಾನಲ್ಲ, ಎಲ್ಲದಕ್ಕೂ ಹಾಕಬಹುದು. ಮಧ್ಯಾಹ್ನದ ಹೊತ್ತಿಗೆ ಅವನ ಇನ್‌ಬಾಕ್ಸ್‌ನಲ್ಲಿ ನೂರಾರು ಮೇಲ್, ಒಂದು ಪ್ರಿಂಟರ್ ಇಂಕ್ ಬಗ್ಗೆ, ಇನ್ನೊಂದು ಕುರ್ಚಿಯ ಚಕ್ರದ ಬಗ್ಗೆ. ಕೇಳಿದರೆ 'ನೀವೇ ಹೇಳಿದ್ರಲ್ಲ ಸರ್'. 'ಸರಿ ಸರ್' ಅನ್ನುವುದನ್ನೇ ಹತ್ತು ಥರ ಹೇಳಬಹುದು. ಅವನಿಗೂ ಅದು ಗೊತ್ತಾಗುತ್ತದೆ, ಆದರೆ ಹಿಡಿದುಕೇಳುವ ಹಾಗಿಲ್ಲ. ಒಂದು ದಿನ ಅವನಿಗೆ ನಗು ಬಂದುಬಿಡುತ್ತದೆ. ತಡೆದುಕೊಂಡು ಪರದೆಯತ್ತ ತಿರುಗುತ್ತಾನೆ. ಅವಳು ಅದನ್ನು ನೋಡಿಬಿಡುತ್ತಾಳೆ. ಲಿಫ್ಟ್ ಇಲ್ಲದೆಯೇ ಒಂದು ಮೆಟ್ಟಿಲು ಹತ್ತಿದಂತಾಯಿತು.

ಲಿಫ್ಟ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಇಬ್ಬರನ್ನು ಒಂದೇ ಜಾಗದಲ್ಲಿ ಕೂಡಿಹಾಕಿದರೆ ಹತ್ತಿರವಾಗುತ್ತಾರೆ ಅನ್ನುವುದು ಇಂಥ ಕಥೆಗಳ ಹಳೆಯ ನಂಬಿಕೆ. ಮುಜಾಫರ್ ಶೆರಿಫ್ ಅನ್ನುವ ಮನಶ್ಶಾಸ್ತ್ರಜ್ಞ 1954ರಲ್ಲಿ ಅಮೆರಿಕದ ಒಕ್ಲಹೋಮಾದ ಒಂದು ಬೇಸಿಗೆ ಶಿಬಿರದಲ್ಲಿ 22 ಹುಡುಗರನ್ನು ಎರಡು ಗುಂಪು ಮಾಡಿ ಪೈಪೋಟಿಗೆ ಬಿಟ್ಟರು. ಬೇಗನೆ ಎರಡು ಗುಂಪಿಗೂ ಎಣ್ಣೆ ಸೀಗೆಕಾಯಿ ಆಯಿತು. ಸರಿ ಮಾಡೋಣ ಅಂತ ಸುಮ್ನೆ ಒಟ್ಟಿಗೆ ಊಟಕ್ಕೆ ಕೂರಿಸಿದರು, ಸಿನಿಮಾ ತೋರಿಸಿದರು. ಹುಡುಗರು ಊಟವನ್ನೇ ಒಬ್ಬರ ಮೇಲೊಬ್ಬರು ಎರಚಿಕೊಂಡರು. ದ್ವೇಷ ಇಳಿದದ್ದು ಬೇರೆ ದಾರಿಯಲ್ಲಿ. ಶಿಬಿರಕ್ಕೆ ನೀರು ನಿಂತುಹೋಯಿತು, ಎಲ್ಲರೂ ಸೇರಿ ಹುಡುಕಬೇಕಾಯಿತು. ಲಾರಿ ಕೆಟ್ಟು ನಿಂತಿತು, ಎಲ್ಲರೂ ಸೇರಿ ಹಗ್ಗ ಕಟ್ಟಿ ಎಳೆಯಬೇಕಾಯಿತು. ಒಬ್ಬರಿಂದ ಆಗದ, ಆದರೆ ಇಬ್ಬರಿಗೂ ಬೇಕಾದ ಕೆಲಸ. ಅಂಥದ್ದು ಒಂದಾದ ಮೇಲೆ ಒಂದು ಬಂದಾಗ ಜಗಳ ಕರಗಿತು.

ನಿಮ್ಮ ಲಿಫ್ಟ್‌ನಲ್ಲಿ ಮಾಡುವುದಕ್ಕೆ ಕೆಲಸವೇ ಇಲ್ಲ. ಇಬ್ಬರೂ ಬೆವರುತ್ತಾರೆ, ಅವಳು ಅಳುತ್ತಾಳೆ, ಅವನು ಸಮಾಧಾನ ಮಾಡುತ್ತಾನೆ. ಅವಳು ಅಬಲೆಯಾದಾಗ ಮಾತ್ರ ಅವನಿಗೆ ಹೃದಯ ಇದೆ ಅಂತಾಯಿತು. ಇದು ಚೈತ್ರಾಗೂ ಮರ್ಯಾದೆಯಲ್ಲ. ಅದರ ಬದಲು, ಬೆಳಗಾಗುವುದರೊಳಗೆ ಮುಗಿಯಬೇಕಾದ ಒಂದು ಟೆಂಡರ್ ಕೊಡಿ. ಅಂಕಿಗಳು ಅವನಿಗೆ ಗೊತ್ತು, ಯಾವ ಕಾಗದ ಯಾರ ಹತ್ತಿರ ಇದೆ ಅಂತ ಅವಳಿಗೆ ಗೊತ್ತು. ರಾತ್ರಿ ಒಂದು ಗಂಟೆಗೆ ಅವನು ಒಂದು ಸಹಾಯ ಕೇಳಲಿ. ಆಜ್ಞೆ ಬೇಡ, ಸಹಾಯ. 'ಇದು ನನಗೆ ಅರ್ಥ ಆಗ್ತಿಲ್ಲ, ನೀವು ನೋಡ್ತೀರಾ?' ಅಂತ. ಕೇಳುವವನಿಗೆ ಅದು ಕಷ್ಟ, ಆದ್ದರಿಂದಲೇ ಅವಳಿಗೆ ಅದು ನಾಟುತ್ತದೆ.

ಪ್ರೀತಿ ಯಾವಾಗ ಹುಟ್ಟಿತು ಅಂತ ಗೊತ್ತಾಗದಿರುವುದಕ್ಕೆ ಇನ್ನೊಂದು ಕಾರಣ ವೇಗ. ಎಲಿಯಟ್ ಆರನ್ಸನ್ ಮತ್ತು ಡಾರ್ವಿನ್ ಲಿಂಡರ್ 1965ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಒಬ್ಬರು ತಮ್ಮ ಬಗ್ಗೆ ಏನು ಹೇಳುತ್ತಿದ್ದಾರೆ ಅನ್ನುವುದು ಪ್ರಯೋಗಕ್ಕೆ ಬಂದವರ ಕಿವಿಗೆ ಮತ್ತೆ ಮತ್ತೆ ಬೀಳುವ ಹಾಗೆ ಮಾಡಿದರು. ಮೊದಲಿಂದ ಕೊನೆಯವರೆಗೆ ಹೊಗಳಿದವರಿಗಿಂತ, ಮೊದಲು ತೆಗಳಿ ಆಮೇಲೆ ನಿಧಾನಕ್ಕೆ ಮೆಚ್ಚತೊಡಗಿದವರೇ ಅವರಿಗೆ ಜಾಸ್ತಿ ಇಷ್ಟವಾದರು. ಈ ಬಗೆಯ ಕಥೆ ನಮ್ಮನ್ನು ಹಿಡಿದಿಡುವುದು ಇದಕ್ಕೇ. ಸುಲಭಕ್ಕೆ ಮೆಚ್ಚದವನ ಮೆಚ್ಚುಗೆಗೆ ತೂಕ ಜಾಸ್ತಿ. ಆದರೆ 'ನಿಧಾನಕ್ಕೆ' ಅನ್ನುವುದನ್ನು ಬಿಡಬೇಡಿ. ಏಳನೇ ಅಧ್ಯಾಯದಲ್ಲಿ ಬೈಗುಳ, ಒಂಬತ್ತರಲ್ಲಿ ಮುತ್ತು ಅಂದ್ರೆ ನಡುವಿನ ಮೆಟ್ಟಿಲೆಲ್ಲ ಹಾರಿಹೋಯಿತು.

ನಾನಾದರೆ ನಡು ಕಥೆಯಲ್ಲಿ ಈ ಒಂದು ಪ್ರಸಂಗ ಇಡುತ್ತೇನೆ. ಒಂದು ದೊಡ್ಡ ಮೀಟಿಂಗ್. ಪರದೆಯ ಮೇಲೆ ಒಂದು ಅಂಕಿ ತಪ್ಪು. ಎದುರಿನ ಕಂಪನಿಯವರು ಹಿಡಿಯುತ್ತಾರೆ. ಸುಧೀಂದ್ರ ಎಲ್ಲರ ಎದುರು ಚೈತ್ರಾ ಕಡೆ ತಿರುಗಿ 'ಕಳಿಸೋ ಮುಂಚೆ ಒಂದು ಸಲ ನೋಡಬೇಕಿತ್ತು' ಅನ್ನುತ್ತಾನೆ. ಅಷ್ಟೇ. ಕೂಗಾಟ ಇಲ್ಲ. ಅವಳು ತಲೆ ತಗ್ಗಿಸುತ್ತಾಳೆ. ಆ ರಾತ್ರಿ ಹಳೆಯ ಮೇಲ್‌ಗಳನ್ನೆಲ್ಲ ಜಾಲಾಡುತ್ತಾಳೆ. ತಪ್ಪು ಅಂಕಿ ಬಂದದ್ದು ಅವನೇ ಫಾರ್ವರ್ಡ್ ಮಾಡಿದ ಹಳೆಯ ಶೀಟ್‌ನಿಂದ. ಬೆಳಿಗ್ಗೆ ಪ್ರಿಂಟ್ ತೆಗೆದು ಅವನ ಟೇಬಲ್ ಮೇಲೆ ಇಡುತ್ತಾಳೆ, ಒಂದು ಮಾತೂ ಆಡುವುದಿಲ್ಲ. ಅವನು ತಾರೀಕು ನೋಡುತ್ತಾನೆ, ಎರಡು ಸಲ. 'ಸಾರಿ' ಅಂದರೆ ಮುಗಿಯುತ್ತಿತ್ತು. ಅವನು ಹಾಗೆ ಮಾಡುವುದಿಲ್ಲ. ಹತ್ತು ನಿಮಿಷದ ಮೇಲೆ ಅವಳ ಪರದೆಯಲ್ಲಿ ಒಂದು ಮೇಲ್ ಬರುತ್ತದೆ. ನಿನ್ನೆ ಮೀಟಿಂಗ್‌ನಲ್ಲಿದ್ದ ಅಷ್ಟೂ ಜನರಿಗೆ ಹೋಗಿದೆ, ಎದುರಿನ ಕಂಪನಿಯವರಿಗೂ. 'ನಿನ್ನೆಯ ಅಂಕಿ ತಪ್ಪಾದದ್ದು ನಾನು ಕಳಿಸಿದ ಹಳೆಯ ಶೀಟ್‌ನಿಂದ. ಚೈತ್ರಾ ಅವರದ್ದೇನೂ ತಪ್ಪಿಲ್ಲ. ಮೂಲ ಹುಡುಕಿಕೊಟ್ಟವರೂ ಅವರೇ.'

ಬೈದದ್ದು ಹತ್ತು ಜನರ ಮುಂದೆ, ತಿದ್ದಿಕೊಂಡದ್ದೂ ಅದೇ ಹತ್ತು ಜನರ ಮುಂದೆ. ಅವನಿಗೆ ಇದರಿಂದ ನಷ್ಟವಿದೆ, ಅವನ ಮೇಲಿನವರೂ ಅದನ್ನು ಓದುತ್ತಾರೆ. ಬರಹದಲ್ಲಿರಬೇಕು ಅನ್ನುವ ಅವನ ಹಠ ಮೊದಲ ಸಲ ಅವಳಿಗೆ ಬೇರೆ ಬಣ್ಣದಲ್ಲಿ ಕಾಣುತ್ತದೆ. ಅವಳು ಅವತ್ತೇ ಅವನನ್ನು ಪ್ರೀತಿಸುವುದು ಬೇಡ. ಸಂಜೆಯವರೆಗೆ ಆ ಮೇಲನ್ನು ನಾಲ್ಕು ಸಲ ತೆರೆದು ನೋಡಿದರೆ ಸಾಕು.

ಕನ್ನಡದಲ್ಲಿ ಬರೆಯುವ ನಿಮಗೆ ಮೆಟ್ಟಿಲು ಕಟ್ಟಲು ಇನ್ನೊಂದು ಅನುಕೂಲ ಇದೆ. ನಿಮ್ಮ ಕರಡಿನಲ್ಲಿ ಸುಧೀಂದ್ರ ಮೊದಲ ಪುಟದಿಂದ ಅವಳನ್ನು ಏಕವಚನದಲ್ಲಿ ಗದರುತ್ತಾನೆ. ಬೇಡ. 'ನೀವು', 'ಸರ್' ಇಟ್ಟುಕೊಂಡೇ ಜಗಳವಾಡಿಸಿ, ಬಹುವಚನದಲ್ಲಿ ಆಡುವ ಜಗಳಕ್ಕೆ ಮೊನಚು ಜಾಸ್ತಿ. ಆಮೇಲೆ ಅವಳ ಬಾಯಿಂದ 'ಸರ್' ಎಲ್ಲಿ ಮೊದಲು ಉದುರುತ್ತದೆ, 'ನೀನು' ಮೊದಲು ಯಾರು ಅನ್ನುತ್ತಾರೆ, ಇದನ್ನು ಮೊದಲೇ ಯೋಚಿಸಿಟ್ಟುಕೊಳ್ಳಿ. ಮೊದಲು ಅವಳೇ ಅನ್ನಲಿ ಅಂತ ನನ್ನ ಆಸೆ.

ಈಗ ಅಧಿಕಾರದ ವಿಷಯ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅವಳ ರಜೆ, ಅಪ್ರೈಸಲ್, ಬಡ್ತಿ, ಮುಂದಿನ ಕೆಲಸಕ್ಕೆ ಬೇಕಾದ ಒಳ್ಳೆಯ ಮಾತು, ಎಲ್ಲ ಅವನ ಕೈಯಲ್ಲಿದೆ. ಅವನು 'ನಿಮ್ಮನ್ನು ಪ್ರೀತಿಸ್ತೀನಿ' ಅಂದಾಗ ಅವಳು 'ಇಲ್ಲ' ಅಂದರೆ ಏನಾಗುತ್ತದೆ? ನಿಮ್ಮ ಕಥೆಯೊಳಗೆ ಈ ಪ್ರಶ್ನೆಗೆ ಉತ್ತರ ಇರಬೇಕು. 'ಇಲ್ಲ' ಅನ್ನುವ ಸ್ವಾತಂತ್ರ್ಯ ಇಲ್ಲದವಳ 'ಹೂಂ' ನಂಬುವುದು ಹೇಗೆ? ಬಾಸ್ ಹೆಣ್ಣಾಗಿ ಅಸಿಸ್ಟೆಂಟ್ ಗಂಡಾದರೂ ಲೆಕ್ಕ ಇದೇ.

ಈ ತೊಡಕನ್ನು ಬಹಳ ಹಿಂದೆಯೇ ಬಿಡಿಸಿದವರಿದ್ದಾರೆ. ಷಾರ್ಲೆಟ್ ಬ್ರಾಂಟೆಯ ಕಾದಂಬರಿ 'ಜೇನ್ ಐರ್' 1847ರಲ್ಲಿ ಬಂತು. ಜೇನ್, ರಾಚೆಸ್ಟರ್ ಮನೆಯಲ್ಲಿ ವರ್ಷಕ್ಕೆ 30 ಪೌಂಡ್ ಸಂಬಳಕ್ಕೆ ಮಗುವಿಗೆ ಪಾಠ ಹೇಳುವವಳು. ಅವನಿಗೆ ಬದುಕಿರುವ ಹೆಂಡತಿ ಇದ್ದಾಳೆ ಅಂತ ಗೊತ್ತಾದಾಗ ಮನೆ ಬಿಟ್ಟು ಹೊರಡುತ್ತಾಳೆ. ಆಮೇಲೆ ಅವಳ ಚಿಕ್ಕಪ್ಪನ ಆಸ್ತಿ, 20,000 ಪೌಂಡ್, ಅವಳಿಗೆ ಬರುತ್ತದೆ. ಮೂವರು ಬಂಧುಗಳಿಗೆ ಸಮನಾಗಿ ಹಂಚಿ 5,000 ತಾನು ಇಟ್ಟುಕೊಳ್ಳುತ್ತಾಳೆ. ಅವನ ಹತ್ತಿರ ಮರಳಿ ಬರುವಾಗ ಅವಳಿಗೆ ಅವನ ಸಂಬಳ ಬೇಡ, ಸೂರು ಬೇಡ. ಬಂದದ್ದು ಅವನಿಗಾಗಿ ಅಂತ ಆಗ ಯಾರೂ ಅನುಮಾನಿಸಲಾರರು. ನಿಮ್ಮ ಚೈತ್ರಾಗೆ ಆಸ್ತಿ ಬೇಡ. ಅವನಿಗೆ ಸಂಬಂಧವಿಲ್ಲದ ಒಂದು ಕೆಲಸ, ಬೇರೊಬ್ಬರ ಕೆಳಗೆ, ಅವಳದ್ದೇ ಯೋಗ್ಯತೆಯಿಂದ ಬಂದದ್ದು, ಅಷ್ಟು ಸಾಕು.

ಅದಕ್ಕೇ ನಿಮ್ಮ ಟ್ರಾನ್ಸ್‌ಫರ್ ಪ್ರಸಂಗ ನನಗೆ ಅಮೂಲ್ಯ ಅನ್ನಿಸಿತು. ಈಗ ಅದು ಉಲ್ಟಾ ಇದೆ. ಪ್ರೀತಿಗಾಗಿ ಅವಳ ದಾರಿಗೆ ಅಡ್ಡ ನಿಲ್ಲುವುದನ್ನು ನೀವು ಮೋಹಕವಾಗಿ ಬರೆದಿದ್ದೀರಿ, ಆದರೆ ಅದು ಅವಳ ಅನ್ನಕ್ಕೆ ಕೈ ಹಾಕಿದ ಹಾಗೆ. ತಿರುಗಿಸಿ ಬರೆಯಿರಿ. ಅವಳು ಅರ್ಜಿ ಕೊಡುತ್ತಾಳೆ. ಅವನಿಗೆ ಅವಳಿಲ್ಲದೆ ಒಂದು ದಿನವೂ ಕೆಲಸ ಸಾಗದು ಅಂತ ಅಷ್ಟು ಹೊತ್ತಿಗೆ ನಮಗೆ ಗೊತ್ತಿದೆ. ಪ್ರೀತಿ ಹುಟ್ಟಿರುವುದೂ ಗೊತ್ತಿದೆ. ಅವನು ಅದೇ ದಿನ ಸಹಿ ಹಾಕುತ್ತಾನೆ. ಜೊತೆಗೆ ಒಂದು ಪುಟದ ಶಿಫಾರಸು, ಅವಳು ಮಾಡಿದ ಒಂದೊಂದು ಕೆಲಸವನ್ನೂ ತಾರೀಕು ಸಮೇತ ಬರೆದು. ಅವಳಿಗೆ ಹೇಳುವುದಿಲ್ಲ. ಹೊಸ ವಿಭಾಗದ ಮುಖ್ಯಸ್ಥೆ ಮಾತಿನ ನಡುವೆ ಅದನ್ನು ಎತ್ತಿದಾಗಲೇ ಅವಳಿಗೆ ಗೊತ್ತಾಗಬೇಕು.

ಒಂದು ಎಚ್ಚರಿಕೆ. ಕೊನೆಗೆ ಚೈತ್ರಾ ರಾಜೀನಾಮೆ ಕೊಟ್ಟು ಎಲ್ಲ ಸುಖಾಂತ ಅಂತ ಮಾಡಬೇಡಿ. ಹೆಣ್ಣಿನ ಕೆಲಸವೇ ಯಾವಾಗಲೂ ಪ್ರೀತಿಯ ಬೆಲೆಯಾಗಬೇಕಾ? ಬೆಲೆ ಅವನೂ ಕೊಡಲಿ. ಎಷ್ಟೋ ಕಂಪನಿಗಳಲ್ಲಿ ಮೇಲಧಿಕಾರಿ ತನ್ನ ಕೈಕೆಳಗಿನವರ ಜೊತೆ ಸಂಬಂಧ ಇಟ್ಟುಕೊಳ್ಳುವಂತಿಲ್ಲ, ಇದ್ದರೆ ಎಚ್‌ಆರ್‌ಗೆ ತಿಳಿಸಿ ರಿಪೋರ್ಟಿಂಗ್ ಬದಲಿಸಿಕೊಳ್ಳಬೇಕು. ಇದು ಹೆಸರಿಗಷ್ಟೇ ಇರುವ ನಿಯಮವಲ್ಲ. ಉದ್ಯೋಗಿಯೊಬ್ಬರ ಜೊತೆಗಿನ ಸಂಬಂಧದ ಕಾರಣಕ್ಕೆ 2018ರಲ್ಲಿ ಇಂಟೆಲ್‌ನ ಸಿಇಒ, 2019ರಲ್ಲಿ ಮೆಕ್‌ಡೊನಾಲ್ಡ್ಸ್‌ನ ಸಿಇಒ ಹುದ್ದೆ ಕಳೆದುಕೊಂಡರು. ಎರಡೂ ಕಡೆ ಅದು ಒಪ್ಪಿಗೆಯ ಸಂಬಂಧ ಅಂತ ಆಗ ಕಂಪನಿಗಳೇ ಹೇಳಿದ್ದವು. ಹಾಗಾಗಿ ಸುಧೀಂದ್ರ ಎಚ್‌ಆರ್ ಬಾಗಿಲು ತಟ್ಟುವ ಒಂದು ದೃಶ್ಯ ಬರೆಯಿರಿ. ನೀರಸ ಅನ್ನಿಸಬಹುದು. ನಾಚಿಕೆ, ಭಯ, ಹಠ ಎಲ್ಲ ಇಟ್ಟುಕೊಂಡು ಅವನು ಒಂದು ಫಾರ್ಮ್ ತುಂಬುವುದು ನನಗಂತೂ ಮಳೆಯಲ್ಲಿ ಓಡಿಬರುವುದಕ್ಕಿಂತ ಹೆಚ್ಚು ಪ್ರೇಮಮಯ.

ಆಫೀಸಿನ ಬಾಯಿಗಳನ್ನೂ ಮರೆಯಬೇಡಿ. ಸುದ್ದಿ ಹಬ್ಬಿದಾಗ ಅವನಿಗೆ ಕೀಟಲೆ, ಅವಳಿಗೆ ಕಳಂಕ. 'ಹೊಸ ಪೋಸ್ಟ್ ಹೇಗೆ ಸಿಕ್ತು ಅಂತ ಗೊತ್ತಲ್ಲ' ಅನ್ನುವ ಮಾತು ಅವಳ ಕಿವಿಗೆ ಬೀಳಲಿ. ಅವನು ಅವಳ ಪರ ಜಗಳಕ್ಕೆ ಹೋಗುವುದು ಬೇಡ, ಅದರಿಂದ ಹಾನಿಯೇ ಜಾಸ್ತಿ. ಏನು ಮಾಡಬೇಕು ಅಂತ ಅವಳನ್ನೇ ಕೇಳಲಿ.

ಮುಚ್ಚುಮರೆಯಿಲ್ಲದ ಒಂದು ನಿರಾಕರಣೆಯೂ ಕಥೆಯಲ್ಲಿ ಇರಲಿ. ಜೇನ್ ಆಸ್ಟೆನ್ 1813ರ ತಮ್ಮ ಕಾದಂಬರಿ 'ಪ್ರೈಡ್ ಅಂಡ್ ಪ್ರೆಜುಡೀಸ್'ನಲ್ಲಿ ನಾಯಕ ಡಾರ್ಸಿಯ ಮೊದಲ ಮದುವೆ ಪ್ರಸ್ತಾಪವನ್ನು ಇಟ್ಟದ್ದು 61 ಅಧ್ಯಾಯಗಳ ಪೈಕಿ 34ರಲ್ಲಿ. ಅದನ್ನು ನಾಯಕಿ ಎಲಿಜಬೆತ್ ಕಡ್ಡಿ ಮುರಿದಂತೆ ತಿರಸ್ಕರಿಸುತ್ತಾಳೆ, ಕಾರಣಗಳನ್ನೂ ಮುಖಕ್ಕೇ ಹೇಳುತ್ತಾಳೆ. ಉಳಿದ ಅರ್ಧ ಕಥೆ ನಡೆಯುವುದು ಆ ಕಾರಣಗಳ ಮೇಲೆ. ಸುಧೀಂದ್ರನೂ ಟ್ರಾನ್ಸ್‌ಫರ್ ಆದ ಮೇಲೆ ಒಮ್ಮೆ ಕೇಳಿ, ಚೈತ್ರಾ 'ಇಲ್ಲ' ಅನ್ನಲಿ. ನಂತರ ಅವಳಿಗೆ ಏನೂ ಆಗದಿರಲಿ. ಒಂದು ಫೈಲ್ ನಿಲ್ಲಬಾರದು, ಒಂದು ಮೇಲ್ ತಡವಾಗಬಾರದು. ತಿಂಗಳು ಕಳೆದ ಮೇಲೆ ಅವಳೇ ಅವನ ಬಾಗಿಲಿಗೆ ಬಂದರೆ ನಿಮ್ಮ ಗೆಳತಿಗೂ ಖುಷಿಯಾಗುತ್ತದೆ.

ಯಾರ ಕಡೆಯಿಂದ ಹೇಳಲಿ ಅಂತ ಕೇಳಿದ್ದೀರಿ. ಚೈತ್ರಾ ಕಡೆಯಿಂದ. ಒಂದು ಅಧ್ಯಾಯ ಅವಳದ್ದು, ಒಂದು ಅವನದ್ದು ಅಂತ ಹೇಳುವುದೇ ಈಗ ರೂಢಿ, ಅದೂ ಚೆನ್ನಾಗಿ ಬರಬಹುದು. ಆದರೆ ನಿಮ್ಮ ಕರಡಿನಲ್ಲಿ ಅವನ ಅಧ್ಯಾಯಗಳೆಲ್ಲ ಅವಳ ಕಣ್ಣು, ಕೂದಲು, ಸೀರೆಯ ಬಣ್ಣದ ಬಗ್ಗೆ ಇವೆ. ಮೂರನೇ ಅಧ್ಯಾಯದಲ್ಲೇ ಅವನ ಮನಸ್ಸು ಬಿಚ್ಚಿಕೊಂಡು, ಅವನು ಗದರಿದ್ದಕ್ಕೆಲ್ಲ ನಮ್ಮಿಂದ ಮಾಫಿ ಕೇಳಿದಂತಾಗುತ್ತದೆ. ಅವಳ ಜೊತೆ ನಾವೂ ಅವನನ್ನು ತಪ್ಪು ತಿಳಿಯಬೇಕು, ಅವಳ ಜೊತೆಗೇ ತಿದ್ದಿಕೊಳ್ಳಬೇಕು. ಅವನ ಕಡೆಯದ್ದು ಬೇಕೇ ಬೇಕು ಅನ್ನಿಸಿದರೆ ಒಂದೇ ಒಂದು ಅಧ್ಯಾಯ ಕೊಡಿ, ಆ ಶಿಫಾರಸು ಪತ್ರ ಬರೆಯುವ ದಿನದ್ದು. ಅದರಲ್ಲಿ ಅವಳ ಅಂದದ ಬಗ್ಗೆ ಒಂದು ಸಾಲೂ ಬೇಡ, ಅವಳ ಕೆಲಸದ ಬಗ್ಗೆ ಮಾತ್ರ ಬರೆಯಿರಿ.